ಹಂಪಿಯಲ್ಲಿ ಕಡಿಮೆ ಖರ್ಚಿನ ರೂಮು: ಮೊದಲು ನದಿ ನೋಡಿ, ಆಮೇಲೆ ಹೊತ್ತು, ಕೊನೆಗೆ ರೇಟು

ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮೊದಲ ಸಲ ಹಂಪಿಗೆ ಹೊರಟಾಗ ನಾನು ರೂಮು ಹುಡುಕಿದ್ದು ಮೊಬೈಲಿನ ಆ್ಯಪಿನಲ್ಲಿ. ‘ವಿರೂಪಾಕ್ಷ ದೇವಸ್ಥಾನದಿಂದ 900 ಮೀಟರ್’ ಅಂತಿತ್ತು. ಬಾಡಿಗೆ ಕಡಿಮೆ, ಫೋಟೋದಲ್ಲಿ ಬಾಳೆತೋಟ, ಹಿಂದೆ ಬಂಡೆಗುಡ್ಡ. ಹಿಂದೆಮುಂದೆ ನೋಡದೆ ದುಡ್ಡು ಕಟ್ಟಿದೆ. ಸಂಜೆ ಆರೂವರೆಗೆ ಹಂಪಿಯಲ್ಲಿ ಬಸ್ಸಿಳಿದು ದಾರಿ ಕೇಳಿದರೆ, ಅಂಗಡಿಯವರೊಬ್ಬರು ಕೈಯೆತ್ತಿ ತುಂಗಭದ್ರೆಯ ಆಚೆ ದಂಡೆ ತೋರಿಸಿದರು. ‘ದೋಣಿ ಬಂದ್ ಆಗೇತ್ರಿ. ಇನ್ನ ಸುತ್ತಿ ಬಳಸೇ ಹೋಗಬೇಕು.’ ಅಮ್ಮನಿಗೆ ಮಂಡಿನೋವು, ಹೆಗಲ ಮೇಲೆ ಮಲಗಿದ ಮಗು, ಎರಡು ದೊಡ್ಡ ಬ್ಯಾಗು. ಕಮಲಾಪುರ, ಬುಕ್ಕಸಾಗರ, ಸೇತುವೆ, ಕಡೆಬಾಗಿಲು ಎಂದು ಕತ್ತಲಲ್ಲಿ ಆಟೊ ಸುತ್ತಿತು. ರೂಮು ಸೇರುವಾಗ ಎಂಟೂವರೆ. ಆಟೊಗೆ ಕೊಟ್ಟ ದುಡ್ಡು ರೂಮಿನ ಒಂದು ದಿನದ ಬಾಡಿಗೆಯನ್ನೂ ಮೀರಿತ್ತು.

ಆ್ಯಪು ಸುಳ್ಳು ಹೇಳಿರಲಿಲ್ಲ. ಹಕ್ಕಿ ಹಾರಿದರೆ 900 ಮೀಟರೇ. ಮನುಷ್ಯರು ಹೋಗುವ ದಾರಿಯ ಲೆಕ್ಕ ಅದರಲ್ಲಿ ಇರಲಿಲ್ಲ, ಅಷ್ಟೇ. ಆಮೇಲೆ ಒಬ್ಬನೇ, ಗೆಳೆಯರ ಜೊತೆ, ಮತ್ತೆ ಅಮ್ಮನ ಜೊತೆ ಹಲವು ಸಲ ಹೋಗಿ ಬಂದಿದ್ದೇನೆ, ಪ್ರತಿ ಸಲವೂ ಕಡಿಮೆ ಖರ್ಚಿನಲ್ಲೇ. ಈಗ ರೂಮು ಹುಡುಕಲು ಕೂತರೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ನಕ್ಷೆ ತೆರೆದು ನದಿಯನ್ನು ಗುರುತಿಸಿ

ಹಂಪಿಯ ವಿಷಯದಲ್ಲಿ ‘ಹತ್ತಿರ’ ಎಂಬ ಮಾತಿಗೆ ನದಿಯೇ ಗಡಿ. ತೆಂಕಣ ದಂಡೆಯಲ್ಲಿ ವಿರೂಪಾಕ್ಷ, ಹೇಮಕೂಟ, ವಿಜಯ ವಿಠ್ಠಲ, ಕಮಲ ಮಹಲು, ಆನೆಲಾಯ ಎಲ್ಲ ಇವೆ. ಇದು ವಿಜಯನಗರ ಜಿಲ್ಲೆ. ಬಡಗಣ ದಂಡೆಯಲ್ಲಿ ಆನೆಗೊಂದಿ, ಅಂಜನಾದ್ರಿ, ಹನುಮನಹಳ್ಳಿ, ಸಾಣಾಪುರ ಇವೆ. ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. ನಡುವೆ ದೋಣಿ ಇದ್ದರೆ ಐದು ನಿಮಿಷದ ದಾರಿ. ದೋಣಿ ನಿಂತರೆ ರಸ್ತೆಯಲ್ಲಿ ಸಾಣಾಪುರದ ಕಡೆಗೆ ಇಪ್ಪತ್ತು ಕಿ.ಮೀ. ದಾಟುತ್ತದೆ.

ದೋಣಿ ದಿನವೂ ಸಂಜೆ ಕತ್ತಲಾಗುವ ಹೊತ್ತಿಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿ ಗೇಟು ತೆರೆದರಂತೂ ದಿನಗಟ್ಟಲೆ ನಿಂತುಬಿಡುತ್ತದೆ. ನದಿಯೊಳಗಿನ ಪುರಂದರ ಮಂಟಪವೇ ಮುಳುಗುವಾಗ ದೋಣಿ ಬಿಡುವವರು ಯಾರು? ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೋಗುವುದಾದರೆ ಎರಡೂ ದಂಡೆಯ ಜಾಗಗಳನ್ನು ಒಂದೇ ರೂಮಿನಿಂದ ನೋಡುವ ಯೋಚನೆ ಬೇಡ.

ಹಾಗಾಗಿ ಆ್ಯಪಿನಲ್ಲಿ ರೂಮು ಇಷ್ಟವಾದ ಕೂಡಲೇ ದುಡ್ಡು ಕಟ್ಟಬೇಡಿ. ಅದರ ಹೆಸರನ್ನು ನಕ್ಷೆಯಲ್ಲಿ ಹಾಕಿ, ‘ದಾರಿ’ ಒತ್ತಿ, ವಾಹನದ ದೂರ ಎಷ್ಟು ಎಂದು ನೋಡಿ. ಇದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.

2. ಯಾವ ಹೊತ್ತಿಗೆ ಎಲ್ಲಿರಬೇಕು ಎಂದು ಬರೆದುಕೊಳ್ಳಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದೇ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದೂ ಇದೇ. ಹಂಪಿ ಹಂಪಿಯಾಗಿ ಕಾಣುವುದು ಬೆಳಿಗ್ಗೆ ಎಂಟರ ಒಳಗೆ, ಸಂಜೆ ಐದರ ಮೇಲೆ. ನಡುಹಗಲಿನಲ್ಲಿ ಬಂಡೆಗಳು ಕಾದು, ಕಣ್ಣು ಕುಕ್ಕಿ, ಮಕ್ಕಳೂ ಹಿರಿಯರೂ ನೆರಳು ಹುಡುಕುತ್ತಾರೆ. ಎಲ್ಲಿ ಮಲಗುತ್ತೀರಿ ಎಂಬುದರ ಮೇಲೆ ಆ ಎರಡು ಹೊತ್ತು ನಿಮಗೆ ಸಿಗುತ್ತದೋ ಇಲ್ಲವೋ ನಿರ್ಧಾರವಾಗುತ್ತದೆ.

ಮಾತಂಗ ಪರ್ವತದ ಮೇಲೆ ಸೂರ್ಯೋದಯ ನೋಡಬೇಕೆಂದರೆ ಅದಕ್ಕೂ ಮುಕ್ಕಾಲು ಗಂಟೆ ಮೊದಲೇ ಬುಡದಲ್ಲಿರಬೇಕು. ಹೊಸಪೇಟೆಯಿಂದ ಆ ಹೊತ್ತಿಗೆ ಆಟೊವೇ ಗತಿ. ಹೇಮಕೂಟದಲ್ಲಿ ಸೂರ್ಯ ಮುಳುಗುವುದನ್ನು ನೋಡಿ ಇಳಿಯುವಾಗ ಕತ್ತಲಾಗಿರುತ್ತದೆ, ಬಸ್ಸು ವಿರಳವಾಗಿರುತ್ತದೆ. ವಿರೂಪಾಕ್ಷದ ಆನೆ ಲಕ್ಷ್ಮಿ ಬೆಳಿಗ್ಗೆ ನದಿಗಿಳಿದು ಸ್ನಾನ ಮಾಡುವುದನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೂ ಹಂಪಿ ಊರಲ್ಲೇ ಇರಬೇಕು.

ಇವು ಯಾವುವೂ ಬೇಡ, ಹತ್ತು ಗಂಟೆಗೆ ಹೋಗಿ ನಾಲ್ಕಕ್ಕೆ ಮರಳುತ್ತೇವೆ ಎನ್ನುವವರಿಗೆ ಹೊಸಪೇಟೆಯೇ ಸರಿ. ಸುಮ್ಮನೆ ಹಂಪಿಯೊಳಗೆ ಇಕ್ಕಟ್ಟಿನ ರೂಮಿಗೆ ದುಡ್ಡು ಕೊಡಬೇಡಿ.

ಇನ್ನೊಂದು ವಿಷಯ. ವಿಠ್ಠಲ ದೇವಸ್ಥಾನ, ಕಮಲ ಮಹಲಿನ ಆವರಣ, ಕಮಲಾಪುರದ ವಸ್ತುಸಂಗ್ರಹಾಲಯ, ಮೂರಕ್ಕೂ ಒಂದೇ ಟಿಕೆಟ್ ನಡೆಯುತ್ತದೆ, ಆದರೆ ಅದೇ ದಿನ ಮಾತ್ರ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಮೂರನ್ನೂ ಒಂದೇ ದಿನಕ್ಕೆ ಹೊಂದಿಸಿಟ್ಟುಕೊಂಡರೆ ಎಷ್ಟು ರಾತ್ರಿ ಬೇಕು ಎಂಬ ಲೆಕ್ಕವೂ ಸುಲಭವಾಗುತ್ತದೆ. ಸಾಮಾನ್ಯವಾಗಿ ಎರಡು ರಾತ್ರಿ ಸಾಕು.

3. ಉಳಿಯುವ ನಾಲ್ಕು ಕಡೆಗಳಲ್ಲಿ ಒಂದನ್ನು ಆರಿಸಿ

ಹೊಸಪೇಟೆ. ಹಂಪಿಯಿಂದ ಸುಮಾರು 13 ಕಿ.ಮೀ. ರೈಲು ನಿಲ್ದಾಣ, ದೊಡ್ಡ ಬಸ್ ನಿಲ್ದಾಣ, ಆಸ್ಪತ್ರೆ, ಎಟಿಎಂ ಎಲ್ಲ ಇಲ್ಲಿವೆ. ಲಾಡ್ಜುಗಳು ಸಾಲುಸಾಲಾಗಿರುವುದರಿಂದ ಒಂದು ಹಿಡಿಸದಿದ್ದರೆ ಪಕ್ಕದ್ದು ನೋಡಬಹುದು. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬಸ್ಸು ಹತ್ತುವ ಸುಖವೂ ಇದೆ. ಹಂಪಿಗೆ ಸಾರಿಗೆ ಬಸ್ಸುಗಳು ಹಗಲೆಲ್ಲ ಓಡುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಹೆಂಗಸರಿಗೆ ಈ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ. ಅಕ್ಕತಂಗಿಯರು, ಗೆಳತಿಯರು ಸೇರಿ ಹೋಗುವುದಾದರೆ ಎಲ್ಲಕ್ಕಿಂತ ಅಗ್ಗ ಇದೇ. ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ಆದರೆ ಮುಖ್ಯರಸ್ತೆಗೆ ಕಿಟಕಿ ತೆರೆಯದ ರೂಮು ಕೇಳಿ. ಲಾರಿ ಹಾರ್ನಿಗೆ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ.

ಕಮಲಾಪುರ. ಹಂಪಿಯಿಂದ ನಾಲ್ಕು ಕಿ.ಮೀ. ಅರಮನೆ ಆವರಣ, ಮಹಾನವಮಿ ದಿಬ್ಬ, ಆನೆಲಾಯಗಳಿಗೆ ಇದೇ ಹತ್ತಿರ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲು ಮಯೂರ ಭುವನೇಶ್ವರಿ ಇಲ್ಲಿದೆ. ತೀರಾ ಅಗ್ಗವಲ್ಲ, ಆದರೆ ಹಿರಿಯರಿಗೆ ಅಂಗಳ, ನೆರಳು, ಗಾಡಿ ನಿಲ್ಲಿಸಲು ಜಾಗ ಎಲ್ಲ ಇರುವುದರಿಂದ ನಿಗಮದ ಜಾಲತಾಣದಲ್ಲಿ ರೇಟು ನೋಡಿಟ್ಟುಕೊಳ್ಳುವುದು ಒಳ್ಳೆಯದು. ಊರೊಳಗೆ ಸಣ್ಣ ಲಾಡ್ಜು, ಹೋಂಸ್ಟೇಗಳೂ ಇವೆ. ಸ್ವಂತ ಕಾರು, ಬೈಕು ಇದ್ದವರಿಗೆ ನಾನು ಮೊದಲು ಹೇಳುವುದು ಕಮಲಾಪುರವನ್ನೇ.

ಹಂಪಿ ಊರು. ವಿರೂಪಾಕ್ಷದ ಎದುರಿನ ಕಲ್ಲುಮಂಟಪಗಳಲ್ಲಿ ಮೊದಲು ಅಂಗಡಿ, ಮನೆ, ಊಟದ ಜಾಗ ಎಲ್ಲ ಇದ್ದವು. 2011ರಲ್ಲಿ ಅವನ್ನು ತೆರವು ಮಾಡಿಸಿದರು. ಈಗ ಉಳಿಯಲು ಸಿಗುವುದು ಬಜಾರಿನ ಪಕ್ಕಕ್ಕೆ, ನದಿಯ ಕಡೆಗಿರುವ ಜನತಾ ಪ್ಲಾಟಿನ ಮನೆಗಳು. ಕೆಳಗೆ ಮನೆಯವರು, ಮೇಲೆ ಒಂದೆರಡು ರೂಮು. ಓಣಿ ಕಿರಿದು, ರೂಮು ಸಣ್ಣದು, ಗೋಡೆಗೆ ಗೋಡೆ ತಾಗಿರುತ್ತದೆ. ಆದರೆ ಬೆಳಗಿನ ಜಾವ ದೇವಸ್ಥಾನದ ಗಂಟೆ ಕೇಳಿ ಏಳುತ್ತೀರಿ, ಮಾತಂಗಕ್ಕೂ ಹೇಮಕೂಟಕ್ಕೂ ನಡೆದೇ ಹೋಗುತ್ತೀರಿ, ನದಿದಂಡೆಯ ಕಾಲುದಾರಿ ಹಿಡಿದರೆ ವಿಠ್ಠಲ ದೇವಸ್ಥಾನಕ್ಕೂ ನಡಿಗೆಯೇ ಸಾಕು. ಒಬ್ಬರೋ ಇಬ್ಬರೋ ಇದ್ದರೆ, ಕಾಲಲ್ಲಿ ಶಕ್ತಿ ಇದ್ದರೆ, ನನ್ನ ಆಯ್ಕೆ ಇದೇ. ಇಲ್ಲಿ ಮಾಂಸ, ಮದ್ಯ ಸಿಗುವುದಿಲ್ಲ. ದೇವಸ್ಥಾನದ ಊರು, ಅದಕ್ಕೆ ತಕ್ಕಂತೆ ಇರಬೇಕು.

ಆನೆಗೊಂದಿ ಕಡೆ. ಗದ್ದೆ, ಬಾಳೆ, ಬಂಡೆ, ನಿಶ್ಶಬ್ದ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರಿಗೆ, ನವಬೃಂದಾವನಕ್ಕೆ ಹೋಗುವವರಿಗೆ ಇದು ಸರಿ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿದ್ದ ರೆಸಾರ್ಟುಗಳು ಅನಧಿಕೃತ ಎಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಅವನ್ನೆಲ್ಲ ಕೆಡವಿದರು. ಹಳೆಯ ಬರಹ, ಹಳೆಯ ವಿಡಿಯೊ ನೋಡಿ ಆ ಹೆಸರುಗಳನ್ನು ಈಗಲೂ ಹುಡುಕುವವರಿದ್ದಾರೆ. ಈ ದಂಡೆಯಲ್ಲಿ ರೂಮು ಹಿಡಿಯುವ ಮೊದಲು ‘ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ?’ ಎಂದು ನೇರವಾಗಿ ಕೇಳಿ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಬಳಿ ರಾತ್ರಿ ನಡೆದ ಅತ್ಯಾಚಾರ, ಕೊಲೆಯನ್ನು ಯಾರೂ ಮರೆತಿಲ್ಲ. ಕತ್ತಲಾದ ಮೇಲೆ ಕೆರೆ, ಕಾಲುವೆ ದಂಡೆಗೆ ಹೋಗಬೇಡಿ, ಜೊತೆಗೆ ಯಾರಿದ್ದರೂ. ಊರಿನ ನಡುವೆ, ಮನೆಯವರು ಅಲ್ಲೇ ವಾಸವಿರುವ ಹೋಂಸ್ಟೇಯನ್ನೇ ಆರಿಸಿ. ಗದ್ದೆಯ ನಡುವಿನ ಒಂಟಿ ಗುಡಿಸಲು ಫೋಟೋದಲ್ಲಷ್ಟೇ ಚೆಂದ.

4. ದಿನಾಂಕ ನೋಡಿ

ಹಂಪಿ ಉತ್ಸವ, ಚೈತ್ರದ ವಿರೂಪಾಕ್ಷ ರಥೋತ್ಸವ, ಡಿಸೆಂಬರಿನ ಕೊನೆಯ ವಾರ, ದಸರಾ ರಜೆ, ಶನಿವಾರ-ಭಾನುವಾರಕ್ಕೆ ಸೋಮವಾರವೂ ರಜೆ ಸೇರಿದ ದಿನಗಳು: ಈ ಹೊತ್ತಿನಲ್ಲಿ ರೇಟು ಏರುತ್ತದೆ, ಹೊಸಪೇಟೆಯಲ್ಲೂ ರೂಮು ಸಿಗುವುದು ಕಷ್ಟ. ಹನುಮಮಾಲೆ ವಿಸರ್ಜನೆಯ ದಿನ ಅಂಜನಾದ್ರಿಯ ಸುತ್ತ ಜನಸಾಗರ. ಉತ್ಸವದ ದಿನಾಂಕ ವರ್ಷ ವರ್ಷ ಬದಲಾಗುತ್ತದೆ. ಮೊದಲು ನವೆಂಬರಿನಲ್ಲಿ ನಡೆಯುತ್ತಿದ್ದುದು ಈಚೆಗೆ ಜನವರಿ, ಫೆಬ್ರವರಿಗೆ ಸರಿದಿದೆ. ಅದಕ್ಕೆಂದೇ ಹೋಗುವವರಲ್ಲದಿದ್ದರೆ ಆ ವಾರ ತಪ್ಪಿಸಿ.

ಮಾರ್ಚ್‌ನಿಂದ ಮೇ ತನಕ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ರೂಮು ಅಗ್ಗ, ಬೇರೆ ಮಾತಿಲ್ಲ. ಆದರೆ ತಾರಸಿಯ ಕೆಳಗಿನ ರೂಮು ರಾತ್ರಿ ಹನ್ನೊಂದಕ್ಕೂ ಒಲೆಯ ಹಾಗಿರುತ್ತದೆ. ಒಂದು ಏಪ್ರಿಲ್‌ನಲ್ಲಿ ಅಂಥ ರೂಮಿನಲ್ಲಿ ನೆಲಕ್ಕೆ ನೀರು ಚೆಲ್ಲಿ, ಒದ್ದೆ ಟವೆಲ್ ಹೊದ್ದು ಮಲಗಿದ್ದೆ. ಬೇಸಿಗೆಯಲ್ಲಿ ಏಸಿ ಬೇಡವೆಂದಾದರೆ ಕನಿಷ್ಠ ಕೆಳ ಅಂತಸ್ತಿನ ರೂಮು, ಕೂಲರ್, ಎದುರುಬದುರು ಗಾಳಿ ಆಡುವ ಕಿಟಕಿ ಕೇಳಿ. ಕರೆಂಟು ಹೋದರೆ ಫ್ಯಾನಿಗಾದರೂ ಇನ್ವರ್ಟರ್ ಇದೆಯೋ ಎಂದು ಕೇಳಲು ಮರೆಯಬೇಡಿ.

5. ರೂಮಿನ ಬಾಡಿಗೆಗೆ ಓಡಾಟದ ಖರ್ಚು ಕೂಡಿಸಿ

ಕಾಗದ ಪೆನ್ನು ತೆಗೆದುಕೊಳ್ಳಿ. ಲೆಕ್ಕದ ದಾರಿ ತೋರಿಸಲೆಂದು ಸುಮ್ಮನೆ ಅಂಕಿ ಇಟ್ಟುಕೊಳ್ಳೋಣ. ಹೊಸಪೇಟೆಯಲ್ಲಿ ರೂಮು ದಿನಕ್ಕೆ 900, ಹಂಪಿಯಲ್ಲಿ 1,300. ಎರಡು ರಾತ್ರಿಗೆ 800 ರೂಪಾಯಿ ಉಳಿಯಿತು ಎನಿಸುತ್ತದೆ. ಆದರೆ ಹೊಸಪೇಟೆಯಿಂದ ಸೂರ್ಯೋದಯಕ್ಕೆ ಒಂದು ಆಟೊ, ಸೂರ್ಯಾಸ್ತದ ಮೇಲೆ ಮರಳಲು ಎರಡು ದಿನ ಎರಡು ಆಟೊ, ಒಂದಕ್ಕೆ 350 ಎಂದರೂ 1,050 ಆಯಿತು. ಅಗ್ಗದ ರೂಮು 250 ರೂಪಾಯಿ ದುಬಾರಿಯಾಯಿತು. ಅದೇ ನಾಲ್ವರು ಹೆಂಗಸರು ಹಗಲು ಬಸ್ಸಿನಲ್ಲೇ ಓಡಾಡಿದರೆ ಈ ಲೆಕ್ಕ ಪೂರ್ತಿ ತಿರುಗಿಬೀಳುತ್ತದೆ. ನಿಮ್ಮ ಮನೆಯ ಲೆಕ್ಕ ನೀವೇ ಹಾಕಬೇಕು. ಫೋನಿನಲ್ಲಿ ಕೇಳಿದ ನಿಜವಾದ ರೇಟುಗಳನ್ನು ಹಾಕಿ ನೋಡಿ.

ತೆರಿಗೆಯನ್ನೂ ಸೇರಿಸಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5. ಅದಕ್ಕೆ ಮೊದಲು ಶೇ. 12 ಇತ್ತು. ಯಾರಾದರೂ ಈಗಲೂ ಹನ್ನೆರಡು ಎಂದರೆ ಬಿಲ್ಲು ಕೇಳಿ.

6. ಎರಡು ಮೂರು ಕಡೆ ಫೋನ್ ಮಾಡಿ

ಆ್ಯಪಿನಲ್ಲಿ ಹೆಸರು ಹುಡುಕಿ, ನಕ್ಷೆಯಲ್ಲಿ ನಂಬರು ತೆಗೆದು, ನೇರ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುವುದೇ ನಮಗೆ ಅರ್ಧ ಬಲ. ಸಣ್ಣ ಲಾಡ್ಜಿನವರು, ಹೋಂಸ್ಟೇಯವರು ಆ್ಯಪಿಗೆ ಕಮಿಷನ್ ಕೊಡಬೇಕಾದ್ದರಿಂದ ನೇರ ಬಂದವರಿಗೆ ಕಡಿಮೆ ಮಾಡಿಕೊಡುವುದುಂಟು. ‘ಅಣ್ಣಾ, ಎರಡು ರಾತ್ರಿ ಇರ್ತೀವಿ, ನೋಡಿ ಹೇಳಿ’ ಎಂದರೆ ಸಾಕು, ಜಗ್ಗಾಡಬೇಕಿಲ್ಲ.

ನಾನು ತಪ್ಪದೆ ಕೇಳುವ ಮಾತುಗಳು ಇವು. ನದಿಯ ಯಾವ ದಂಡೆ? ಚೆಕ್-ಔಟ್ ಮಧ್ಯಾಹ್ನ ಹನ್ನೆರಡಕ್ಕೋ, 24 ಗಂಟೆಯ ಲೆಕ್ಕವೋ? ಬಿಸಿನೀರು ಸೋಲಾರೋ ಗೀಸರೋ, ಯಾವ ಹೊತ್ತಿಗೆ ಬರುತ್ತದೆ? ಹೇಳಿದ ರೇಟು ತೆರಿಗೆ ಸೇರಿಯೋ? ಹೆಚ್ಚುವರಿ ಹಾಸಿಗೆಗೆ ಎಷ್ಟು? ಗಾಡಿ ಎಲ್ಲಿ ನಿಲ್ಲಿಸಬೇಕು?

24 ಗಂಟೆಯ ಮಾತು ಸಣ್ಣದಲ್ಲ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯುತ್ತೀರಿ. ಮಧ್ಯಾಹ್ನ ಹನ್ನೆರಡರ ಲೆಕ್ಕದ ರೂಮಾದರೆ ಬೆಳಿಗ್ಗೆ ಏಳರಿಂದ ಹನ್ನೆರಡರವರೆಗಿನ ಐದು ತಾಸಿಗೆ ಇನ್ನೊಂದು ದಿನದ ದುಡ್ಡು ಕೇಳಬಹುದು, ಇಲ್ಲವೇ ಹೊರಗೆ ಕೂರಿಸಬಹುದು. 24 ಗಂಟೆಯ ಲಾಡ್ಜಾದರೆ ಬೆಳಿಗ್ಗೆ ಏಳಕ್ಕೆ ಸೇರಿ ಮರುದಿನ ಏಳಕ್ಕೆ ಬಿಟ್ಟರಾಯಿತು. ಮರಳುವ ರೈಲು ರಾತ್ರಿಯದಾದ್ದರಿಂದ ಕೊನೆಯ ದಿನ ಬ್ಯಾಗು ಇಟ್ಟುಕೊಳ್ಳುತ್ತಾರೋ, ಸಂಜೆ ಸ್ನಾನಕ್ಕೆ ಬಚ್ಚಲು ಕೊಡುತ್ತಾರೋ ಎಂದೂ ಈಗಲೇ ಕೇಳಿಟ್ಟುಕೊಳ್ಳಿ.

ಮದುವೆಯಾಗದ ಜೋಡಿಗೆ, ಅದೇ ಜಿಲ್ಲೆಯ ವಿಳಾಸವಿರುವವರಿಗೆ ರೂಮು ಕೊಡದ ಲಾಡ್ಜುಗಳಿವೆ. ವಯಸ್ಕರು ರೂಮು ಹಿಡಿಯುವುದನ್ನು ತಡೆಯುವ ಕಾನೂನು ಇಲ್ಲ. ಆದರೂ ರಾತ್ರಿ ಬಾಗಿಲಲ್ಲಿ ನಿಂತು ವಾದ ಮಾಡುವುದಕ್ಕಿಂತ ಫೋನಿನಲ್ಲೇ ಕೇಳಿ, ಆಗದೆಂದರೆ ಬೇರೆಡೆ ನೋಡುವುದು ನೆಮ್ಮದಿ.

7. ದುಡ್ಡು ಕೊಡುವ ಮೊದಲು ರೂಮು ನೋಡಿ

ಜನತಾ ಪ್ಲಾಟಿನ ಅಕ್ಕ ಒಬ್ಬರು ನನಗೆ ಕೀಲಿಕೈ ಕೊಡುತ್ತಾ ಹೇಳಿದ್ದರು: ‘ಮೊದ್ಲು ರೂಮ್ ನೋಡ್ರೀ, ಆಮ್ಯಾಲೆ ರೇಟ್ ಮಾತಾಡಾಣ.’ ಒಳ್ಳೆಯ ರೂಮು ಇಟ್ಟುಕೊಂಡವರು ತೋರಿಸಲು ಹಿಂಜರಿಯುವುದಿಲ್ಲ. ತೋರಿಸಲು ಒಲ್ಲೆ ಎಂದರೆ ಬ್ಯಾಗು ಎತ್ತಿಕೊಂಡು ಹೊರಡಿ.

ಒಳಗೆ ಹೋದ ಕೂಡಲೇ ಮೂಗಿನಿಂದ ಶುರುಮಾಡಿ. ಒದ್ದೆ ಗೋಡೆಯ ವಾಸನೆ, ಬಚ್ಚಲ ವಾಸನೆ ಇದ್ದರೆ ಅಗರಬತ್ತಿ ಹಚ್ಚಿದರೂ ಹೋಗುವುದಿಲ್ಲ. ಹಾಸಿಗೆಯ ಮೂಲೆಯಲ್ಲಿ ಚಾದರ ಎತ್ತಿ, ಹೊಲಿಗೆಯ ಉದ್ದಕ್ಕೂ ಮೊಬೈಲ್ ಟಾರ್ಚು ಹಿಡಿಯಿರಿ. ಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕೆ ಕಂಡರೆ ತಿಗಣೆ ಇದೆ ಎಂದೇ ಅರ್ಥ. ರೇಟು ಅರ್ಧ ಮಾಡಿದರೂ ಬೇಡ. ನಲ್ಲಿ ತಿರುಗಿಸಿ ನೀರಿನ ರಭಸ ನೋಡಿ, ಫ್ಲಶ್ ಒತ್ತಿ ನೋಡಿ, ಬಕೆಟ್, ಚೊಂಬು ಇವೆಯೋ ನೋಡಿ. ಫ್ಯಾನು ಪೂರ್ತಿ ಜೋರಾಗಿ ಹಾಕಿ ಅದರ ಸದ್ದು ಕೇಳಿ. ಬಾಗಿಲಿನ ಒಳಚಿಲಕ ಗಟ್ಟಿಯಾಗಿ ಕೂರುತ್ತದೋ ಎಳೆದು ನೋಡಿ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಕಿಟಕಿ ಯಾವುದಕ್ಕೆ ತೆರೆಯುತ್ತದೆ, ಹೊರಗಿನಿಂದ ಕೈ ಹಾಕಿ ಚಿಲಕ ತೆಗೆಯಲು ಬರುತ್ತದೋ ಎಂದೂ ನೋಡಬೇಕು.

ಕಿಟಕಿಗೆ ಜಾಲರಿ ಇರಲೇಬೇಕು. ಒಂದು, ಸೊಳ್ಳೆ. ಗದ್ದೆ, ಬಾಳೆತೋಟದ ಪಕ್ಕದಲ್ಲಂತೂ ಸೊಳ್ಳೆ ಪರದೆಯೂ ಬೇಕು. ಎರಡು, ಕೋತಿ. ಒಮ್ಮೆ ಹಂಪಿಯಲ್ಲಿ ಕಿಟಕಿ ಒಂದು ಗೇಣು ತೆರೆದಿಟ್ಟು ಕೆಳಗೆ ಚಹಾ ಕುಡಿಯಲು ಇಳಿದಿದ್ದೆವು. ಹತ್ತೇ ನಿಮಿಷ. ಮೇಲೆ ಬಂದರೆ ಮಂಚದ ಮೇಲೆ ಬಾಳೆಸಿಪ್ಪೆ, ಬ್ಯಾಗಿನ ಜಿಪ್ಪು ತೆರೆದಿತ್ತು, ಅಮ್ಮನ ಬಿಪಿ ಮಾತ್ರೆಯ ಪಟ್ಟಿ ಎದುರುಮನೆಯ ತಾರಸಿಯ ಮೇಲೆ ಬಿದ್ದಿತ್ತು. ಎದುರುಮನೆಯ ಹುಡುಗ ಹತ್ತಿ ತಂದುಕೊಟ್ಟ. ಅಂದಿನಿಂದ ಔಷಧಿ, ಗುರುತಿನ ಚೀಟಿ ಸದಾ ಹೆಗಲ ಚೀಲದಲ್ಲೇ ಇರುತ್ತವೆ. ಬಟ್ಟೆಯನ್ನು ಹೊರಗೆ ಒಣಹಾಕುವುದಿಲ್ಲ.

8. ನೋಂದಣಿ ಪುಸ್ತಕ, ದುಡ್ಡು, ರಸೀದಿ

ಗುರುತಿನ ಚೀಟಿ ಎಲ್ಲ ವಯಸ್ಕರದ್ದೂ ಕೇಳುತ್ತಾರೆ, ಕೊಡಬೇಕು. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿ ಮರೆಮಾಡಿದ ‘ಮಾಸ್ಕ್ಡ್ ಆಧಾರ್’ ಅನ್ನು ಮೊದಲೇ ಇಳಿಸಿಕೊಂಡು ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಅಥವಾ ಡ್ರೈವಿಂಗ್ ಲೈಸೆನ್ಸ್ ಕೊಡಿ. ಮೂಲ ಕಾರ್ಡನ್ನು ಕೌಂಟರಿನಲ್ಲಿ ಬಿಟ್ಟು ಬರಬೇಡಿ. ಮುಂಗಡವಾಗಿ ಪೂರ್ತಿ ದುಡ್ಡು ಕಳಿಸುವುದು ಬೇಡ. ಒಂದು ರಾತ್ರಿಯದು ಸಾಕು. ಎರಡನೇ ರಾತ್ರಿಯದನ್ನು ಮೊದಲ ರಾತ್ರಿ ಮಲಗಿ ಎದ್ದ ಮೇಲೆ ಕೊಡಿ. ಯುಪಿಐ ಮಾಡಿದರೂ ನಾಲ್ಕೈದು ನೂರು ರೂಪಾಯಿಯ ಚಿಲ್ಲರೆ ನೋಟು ಜೇಬಲ್ಲಿರಲಿ. ಬಂಡೆಗಳ ನಡುವೆ ನೆಟ್‌ವರ್ಕ್ ಕೈಕೊಡುತ್ತದೆ.

ರೂಮು ಸೇರಿದ ಸಂಜೆಯೇ ಎರಡು ಕೆಲಸ ಮುಗಿಸಿ. ಹೊಸಪೇಟೆಯಲ್ಲಿದ್ದರೆ ಹಂಪಿಯಿಂದ ಮರಳುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ನಿಲ್ದಾಣದಲ್ಲೇ ಕೇಳಿ ಬರೆದುಕೊಳ್ಳಿ. ಹಂಪಿಯಲ್ಲಿದ್ದರೆ ಬೆಳಿಗ್ಗೆ ಮಾತಂಗಕ್ಕೆ ಬೇರೆ ಯಾರು ಹೋಗುತ್ತಿದ್ದಾರೆಂದು ಮನೆಯವರನ್ನು ಕೇಳಿ, ಅವರ ಜೊತೆಗೇ ಹೊರಡಿ. ಆ ಮೆಟ್ಟಿಲುಗಳಲ್ಲಿ ಕತ್ತಲಲ್ಲಿ ಒಬ್ಬರೇ ಹೋಗುವುದು ಬೇಡ. ಟಾರ್ಚು, ನೀರಿನ ಬಾಟಲಿ, ಜಾರದ ಚಪ್ಪಲಿ ಬಾಗಿಲ ಬಳಿ ಇಟ್ಟು, ಹೊರಬಾಗಿಲಿನ ಬೀಗ ಬೆಳಿಗ್ಗೆ ಐದಕ್ಕೆ ಯಾರು ತೆಗೆಯುತ್ತಾರೆಂದು ಕೇಳಿಕೊಂಡು ಮಲಗಿ.